ಎಡವಟ್ಟು

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಎಡವಟ್ಟು ಎಂದು. ಹೆಸರಿಟ್ಟವಳು ಅಜ್ಜಿ. ಚಿಕ್ಕವಳಿದ್ದಾಗ ಹುಡುಗಿ ದಿನ ಬೆಳಗಾದರೆ ಎಲ್ಲಾದರೂ ಎಡವಿ ಬೀಳುತ್ತಿದ್ದಳಂತೆ. ಒಂದು ವಾರ ಮೊಣಕೈ ಬಾವು, ಇನ್ನೊಂದು ವಾರ ಕೆನ್ನೆಯ ಮೇಲೆ ನೀಲಿ. ಪಕ್ಕದ ಮನೆಯ ಟೈಲರಮ್ಮ "ಏನಾಯ್ತು ಮಗೂಗೆ?" ಎಂದು ಕೇಳಿದರೆ ಅಜ್ಜಿ ನಗುನಗುತ್ತಲೇ "ಏನು ಹೇಳ್ಲಿ, ಮಹಾ ಎಡವಟ್ಟು ಇದು. ನೆಟ್ಟಗಿರೋ ನೆಲದ ಮೇಲೂ ಬೀಳುತ್ತೆ" ಎನ್ನುತ್ತಿದ್ದಳು. ಟೈಲರಮ್ಮನೂ ನಗುತ್ತಿದ್ದಳು. ಹೆಸರು ಅಂಟಿಕೊಂಡಿತು. ಹದಿನೈದು ತುಂಬಿದರೂ, ಮೂಗಿನ ಮೇಲೆ ದಪ್ಪ ಕನ್ನಡಕ ಬಂದರೂ ಬಿಡಲಿಲ್ಲ.

ಇವರದು ಬಾಡಿಗೆ ಪಾತ್ರೆಯ ಅಂಗಡಿ. ಮದುವೆಗೋ ಹುಟ್ಟುಹಬ್ಬಕ್ಕೋ ಜನ ಸೇರುವ ಮನೆಯವರು ಬಂದು ಪಿಂಗಾಣಿ ತಟ್ಟೆ, ಬಟ್ಟಲು, ದೊಡ್ಡ ಪಾತ್ರೆಗಳನ್ನು ಒಯ್ಯುತ್ತಾರೆ. ಮುಗಿದ ಮೇಲೆ ಜಿಡ್ಡುಗಟ್ಟಿದ್ದನ್ನು ತಂದು ಸುರಿದು ಹೋಗುತ್ತಾರೆ. ಅಂಗಡಿ ಕೆಳಗೆ, ಮನೆ ಮೇಲೆ, ಹಿಂದಿನ ಸಿಮೆಂಟು ಅಂಗಳದಲ್ಲಿ ತೊಳೆಯುವ ತೊಟ್ಟಿ. ತೊಳೆದು ಒರೆಸಿದ ತಟ್ಟೆಯನ್ನು ಅಪ್ಪ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ. ಗಟ್ಟಿ ತಟ್ಟೆ ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ಮೊದ್ದಾಗುತ್ತದೆ. ಅಂಥದ್ದು ಗೋಣಿಚೀಲಕ್ಕೆ ಹೋಗುತ್ತದೆ.

ವಿಚಿತ್ರವೆಂದರೆ, ಈ ಅಂಗಡಿಯಲ್ಲಿ ಇದುವರೆಗೆ ತಟ್ಟೆ ಒಡೆಯದವಳು ಆ ಎಡವಟ್ಟು ಒಬ್ಬಳೇ. ಅಪ್ಪ ಒಡೆದಿದ್ದಾನೆ, ಅಮ್ಮ ಒಡೆದಿದ್ದಾಳೆ, ಅಜ್ಜಿಯಂತೂ ಬೇಕಾದಷ್ಟು ಒಡೆದು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದ್ದಾಳೆ. ಹುಡುಗಿ ಮಾತ್ರ ಗಲ್ಲದ ತನಕ ತಟ್ಟೆ ಪೇರಿಸಿಕೊಂಡು ಒದ್ದೆ ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಒಂದೂ ಜಾರಿಲ್ಲ. ಹೆಸರಿಗೂ ಕೆಲಸಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಅನ್ನುವುದಕ್ಕಿಂತ, ಅನ್ನಿಸಲು ಬಿಡಲಿಲ್ಲ ಅನ್ನಬೇಕು.

ಒಂದು ಭಾನುವಾರ ಯಾವುದೋ ಮದುವೆಯ ತಟ್ಟೆಗಳು ಬಂದಿದ್ದವು. ಅಮ್ಮ ಉಜ್ಜುತ್ತಿದ್ದಳು, ಹುಡುಗಿ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದಳು, ಅಜ್ಜಿ ಸ್ಟೂಲಿನ ಮೇಲೆ ಕೂತು ಒರೆಸುತ್ತ ಮೇಸ್ತ್ರಿಕೆ ನಡೆಸಿದ್ದಳು.

"ಲೇ ಎಡವಟ್ಟು, ತೋಳು ಮಡಚ್ಕೊಳ್ಳೇ. ಅಂಗಿ ಎಲ್ಲ ತೊಯ್ದು ತೊಪ್ಪೆ ಆಗ್ತಿದೆ."

"ಪರವಾಗಿಲ್ಲ ಅಜ್ಜಿ."

"ಪರವಾಗಿಲ್ಲವಂತೆ! ನೆಗಡಿ ಬಂದ್ರೆ ಸೊರಸೊರ ಅಂತ ನನ್ನ ಪಕ್ಕದಲ್ಲೇ ತಾನೇ ನೀನು ಮಲಗೋದು?"

"ಆ ಕಡೆ ತಿರುಗಿ ಮಲಗ್ತೀನಿ ಬಿಡು."

"ನಾಲಿಗೆ ನೋಡು, ಮೊಳ ಉದ್ದ!"

ಅಮ್ಮ ನಕ್ಕಳು. ನಗುತ್ತಲೇ ಸೋಪಿನ ಕೈಯಲ್ಲಿ ಮಗಳ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈಗಿಂತ ಮೇಲೆ ಗಾಯದ ಗುರುತುಗಳಿದ್ದವು. ಕೆಲವು ಮಾಸಿದ್ದವು, ಕೆಲವು ಹೊಸವು. ಅಮ್ಮ ತಟಕ್ಕನೆ ತೋಳನ್ನು ಕೆಳಗೆಳೆದುಬಿಟ್ಟಳು. ಅಜ್ಜಿ ನೋಡಿರಲಿಲ್ಲ.

"ಏನೇ ಅದು?" ಎಂದು ಅಮ್ಮ ಪಿಸುಗುಟ್ಟಿದಳು.

"ಬಿದ್ದೆ," ಎಂದಳು ಹುಡುಗಿ.

ಇಲ್ಲಿ ಸುತ್ತಿ ಬಳಸಿ ಹೇಳುವುದು ಬೇಡ. ಹುಡುಗಿ ಚಿಕ್ಕವಳಿದ್ದಾಗ ಎಲ್ಲೂ ಎಡವಿ ಬೀಳುತ್ತಿರಲಿಲ್ಲ. ಅಪ್ಪ ಹೊಡೆಯುತ್ತಿದ್ದ. ಗಿರಾಕಿ ಜಗಳವಾಡಿ ಹೋದ ದಿನ ಹೊಡೆಯುತ್ತಿದ್ದ, ಅಂಕ ಕಡಿಮೆ ಬಂದ ದಿನ ಹೊಡೆಯುತ್ತಿದ್ದ, ಏನೂ ಆಗದ ದಿನವೂ ಹೊಡೆಯುತ್ತಿದ್ದ. ಅಮ್ಮ ಆಮೇಲೆ ಮುಲಾಮು ಹಚ್ಚುತ್ತಿದ್ದಳು. ಹಚ್ಚುತ್ತ, ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಕಲಿಸುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಏಟಿಗೆ ಹುಡುಗಿ ಗೋಡೆಗೆ ಬಡಿದು ಭುಜದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದಳು ಎಂದು ಹೇಳಿ ಪಟ್ಟಿ ಕಟ್ಟಿಸಿಕೊಂಡು ಬಂದರು. ಅಪ್ಪ ಹೆದರಿದ್ದ. ಅಂದಿನಿಂದ ಅವಳ ಮೈ ಮುಟ್ಟಲಿಲ್ಲ. ಅದರ ಬಗ್ಗೆ ಯಾರೂ ಒಂದು ಮಾತನ್ನೂ ಆಡಲಿಲ್ಲ. ಜ್ವರ ಬಿಟ್ಟಂತೆ ಬಿಟ್ಟಿತಲ್ಲ ಎಂದು ಎಲ್ಲರೂ ನಿಟ್ಟುಸಿರಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಅಂದು ಮಧ್ಯಾಹ್ನ ಅಮ್ಮ ಅದೇ ಹಳೆಯ ಮುಲಾಮಿನ ಡಬ್ಬಿ ಹುಡುಕಿ ತೆಗೆದಳು. ಮಗಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಹಚ್ಚಿದಳು.

"ಯಾರಾದ್ರೂ ಕೇಳಿದ್ರೆ..."

"ಮೆಟ್ಟಿಲಲ್ಲಿ ಬಿದ್ದೆ ಅಂತೀನಿ. ಗೊತ್ತಮ್ಮ."

ಗಂಡ ಮತ್ತೆ ಶುರು ಮಾಡಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಆ ಮನೆಯಲ್ಲಿ ಗಾಯವೆಂದರೆ ಅದರ ಹಿಂದೆ ಒಂದು ಕೈ ಇರಲೇಬೇಕು, ಮತ್ತು ಆ ಕೈ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಎರಡು ವಾರ ಅಪ್ಪನಿಗೆ ಬಿಸಿ ಟೀ ಸಿಗಲಿಲ್ಲ. ಅನ್ನ ತಟ್ಟೆಗೆ ಬೀಳುತ್ತಿದ್ದದ್ದು ಧೊಪ್ಪೆಂದು. ಆಲೂಗಡ್ಡೆ ಪಲ್ಯಕ್ಕೆ ಒಂದು ದಿನ ಉಪ್ಪಿಲ್ಲ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಅವನು ಮೊದಮೊದಲು ಸುಮ್ಮನೆ ನುಂಗಿದ. ಕೊನೆಗೊಂದು ಸಂಜೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದ. ಹುಡುಗಿ ಕೆಳಗೆ ಅಂಗಡಿಯಲ್ಲಿದ್ದಳು.

"ಏನಾಗಿದೆ ನಿನಗೆ? ಮುಖ ಗಂಟು ಹಾಕ್ಕೊಂಡು ಓಡಾಡ್ತಿದ್ದೀಯ. ಇರೋದನ್ನ ಬಾಯಿ ಬಿಟ್ಟು ಹೇಳು."

"ನಾನೇನು ಹೇಳೋದು? ನಿಮ್ಮ ಕೈಯನ್ನೇ ಕೇಳ್ಕೊಳ್ಳಿ."

"ಏನದು ಒಗಟು?"

"ಮತ್ತೆ ಶುರು ಮಾಡಿದ್ದೀರಲ್ಲ, ಅದು. ನಾನೇ ನೋಡಿದೆ ಅವಳ ತೋಳನ್ನ."

ಅಪ್ಪ ಎದ್ದು ನಿಂತ. "ನಾನಾ? ಎರಡು ವರ್ಷ ಆಯ್ತು ಕಣೇ ಅವಳನ್ನ ಮುಟ್ಟಿ! ಎಷ್ಟು ಸಿಟ್ಟು ಬಂದ್ರೂ ಹಲ್ಲು ಕಚ್ಚಿಕೊಂಡು ಇದ್ದೀನಿ. ಅದು ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ?"

"ಓಹೋ, ಸನ್ಮಾನ ಮಾಡಬೇಕಿತ್ತೇನೋ!"

ಒಳಗಿಂದ ಅಜ್ಜಿ ಬಂದಳು. "ನನ್ನ ಮಗ ಪೂರ್ತಿ ಬದಲಾಗಿದ್ದಾನೆ. ಬಾಯಿಗೆ ಬಂದಂಗೆ ಅನ್ನಬೇಡಮ್ಮ."

ಅಪ್ಪ ತಾಯಿಯ ಕಡೆ ತಿರುಗಿದ. ಅನುಮಾನ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು. "ಅಮ್ಮಾ, ನೀನೇನಾದ್ರೂ...?"

"ಅಯ್ಯೋ ಪಾಪಿ! ಒಂದು ಸೌಟು ಎತ್ತಿದ್ರೆ ಕೈ ನಡುಗುತ್ತೆ ನನಗೆ. ಮೊಮ್ಮಗಳಿಗೆ ಹೊಡೀತೀನಾ ನಾನು?"

ಮೂವರೂ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತ ನಿಂತರು. ಕೆಳಗಿರುವ ಹುಡುಗಿಯನ್ನು ಕರೆದು ಕೇಳಬಹುದಿತ್ತು. ಯಾರಿಗೂ ಅದು ಹೊಳೆಯಲಿಲ್ಲ.

"ಹಾಗಾದ್ರೆ ಸ್ಕೂಲಲ್ಲೇ," ಎಂದ ಅಪ್ಪ. "ನಾಳೆ ಹೋಗಿ ವಿಚಾರಿಸ್ತೀನಿ. ನನ್ನ ಮಗಳ ಮೇಲೆ ಕೈ ಮಾಡೋಕೆ ಅವರ್ಯಾರು?"

ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎದೆಯುಬ್ಬಿಸಿಕೊಂಡು ಹೋದ. ಶಿಕ್ಷಕರ ಕೋಣೆಯಲ್ಲಿ ಮೇಜು ಕುಟ್ಟಿ, ಮಕ್ಕಳನ್ನು ಹೊಡೆಯುವುದು ಎಂಥ ಹೀನ ಕೆಲಸ ಎಂದು ದೊಡ್ಡ ದನಿಯಲ್ಲಿ ಕೇಳಿದ. ಕ್ಲಾಸ್ ಟೀಚರು ಅವನು ಮುಗಿಸುವ ತನಕ ಕಾದರು.

"ಕೂತ್ಕೊಳ್ಳಿ. ಇಲ್ಲಿ ಯಾರೂ ಹೊಡೆದಿಲ್ಲ. ನಾನೇ ನಿಮ್ಮನ್ನ ಕರೆಸೋಳಿದ್ದೆ."

"ಮತ್ತೆ ಆ ಗಾಯ?"

"ಕೇಳಿದಾಗೆಲ್ಲ ಬಿದ್ದೆ ಅಂತಾಳೆ. ಆದ್ರೆ ಅದು ಬಿದ್ದ ಗಾಯ ಅಲ್ಲ, ಹೊಡೆದ ಗಾಯಾನೂ ಅಲ್ಲ. ಅವಳೇ ಮಾಡ್ಕೋತಿದ್ದಾಳೆ."

"ಅವಳೇ ಅಂದ್ರೆ?"

ಕೇಳುವಷ್ಟರಲ್ಲೇ ಅವನಿಗೆ ಅರ್ಥವಾಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಿದ್ದಾರೆ, ತಡ ಮಾಡಬೇಡಿ, ಬೈಯಬೇಡಿ ಎಂದು ಅವರು ಹೇಳಿದ್ದು ಅವನ ಕಿವಿಗೆ ಅರ್ಧವಷ್ಟೇ ಬಿತ್ತು.

ಮನೆಗೆ ಬಂದವನು ಅಂಗಡಿಯ ಅರ್ಧ ಬಾಗಿಲು ಎಳೆದು, ಹೆಂಡತಿಯನ್ನು ಕರೆದು ಹೇಳಿದ. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. "ಸುಳ್ಳು," ಎಂದಳು ಮೊದಲು. ಆಮೇಲೆ "ನಾನು ಮುಲಾಮು ಹಚ್ಚಿ ಕಳಿಸಿದೆನಲ್ರೀ" ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಪಕ್ಕದಲ್ಲಿದ್ದ ತಟ್ಟೆಗಳ ರಾಶಿ ಎಳೆದುಕೊಂಡು ಒಂದೊಂದನ್ನೇ ತಟ್ಟತೊಡಗಿದ. ಆಗಲೇ ತಟ್ಟಿ ನೋಡಿ ಇಟ್ಟಿದ್ದ ತಟ್ಟೆಗಳವು.

ಸಂಜೆ ಹುಡುಗಿ ಶಾಲೆಯಿಂದ ಬಂದು, ಚೀಲ ಇಟ್ಟು, ಯಾರೂ ಹೇಳದೆಯೇ ಒಣಗಿದ ತಟ್ಟೆಗಳನ್ನು ಎತ್ತಿಕೊಂಡು ಅಂಗಡಿಯೊಳಗೆ ಬಂದಳು. ಅಪ್ಪ ಅಡ್ಡ ನಿಂತ.

"ಯಾಕೆ ಮಾಡ್ಕೊಂಡೆ?"

ಅವಳು ತಟ್ಟೆಗಳನ್ನು ಎದೆಗವಚಿಕೊಂಡಳು.

"ಕೇಳ್ತಿರೋದು ಕೇಳಿಸ್ತಿಲ್ವಾ? ತಿನ್ನೋಕೆ ಕಮ್ಮಿ ಆಗಿದೆಯಾ, ಉಡೋಕೆ ಕಮ್ಮಿ ಆಗಿದೆಯಾ? ಯಾಕೆ ನಮ್ಮ ಮಾನ ತೆಗೀತಿದ್ದೀಯ?"

ಮಾತು ಮುಗಿಯುವುದರೊಳಗೆ ಕೈ ಮೇಲೆ ಹೋಗಿತ್ತು. ಎರಡು ವರ್ಷ ಹಲ್ಲು ಕಚ್ಚಿದ್ದೆಲ್ಲ ಎಲ್ಲಿ ಹೋಯಿತೋ.

ಹುಡುಗಿ ಓಡಲಿಲ್ಲ, ಕೂಗಲಿಲ್ಲ. ಬಗ್ಗಿ, ಕೈಯಲ್ಲಿದ್ದ ತಟ್ಟೆಗಳನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು. ಕನ್ನಡಕ ತೆಗೆದಳು. ಅದರ ಕಡ್ಡಿಗಳನ್ನು ಮಡಚಿ, ಮೇಲಿನ ತಟ್ಟೆಯ ನಡುವೆ ಇಟ್ಟಳು. ಆಮೇಲೆ ನೆಟ್ಟಗೆ ನಿಂತು ಕಣ್ಣು ಮುಚ್ಚಿಕೊಂಡಳು.

ಊಟಕ್ಕೆ ಮುಂಚೆ ಕೈ ತೊಳೆಯುವಷ್ಟು ಸಲೀಸಾಗಿ ಮಾಡಿದಳು. ಆ ಮನೆಯಲ್ಲಿ ಅವಳ ಕೈಯಿಂದ ಯಾಕೆ ಒಂದು ತಟ್ಟೆಯೂ ಒಡೆದಿರಲಿಲ್ಲ ಎಂಬುದು ಅಪ್ಪನಿಗೆ ಆಗ ತಿಳಿಯಿತು. ಏಟು ಬೀಳುವ ಮುಂಚೆ ಕೈಯಲ್ಲಿದ್ದದ್ದನ್ನು ಅವಳು ಪ್ರತಿ ಸಲವೂ ಜೋಪಾನವಾಗಿ ಕೆಳಗಿಟ್ಟಿದ್ದಳು. ಅವನು ಪ್ರತಿ ಸಲವೂ ಅದನ್ನು ನೋಡಿದ್ದ, ನೋಡಿಯೂ ಹೊಡೆದಿದ್ದ. ನಾಚಿಕೆ ಎಂಬುದು ಮೈಯೆಲ್ಲ ಸುಡುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಕಪಾಟಿನ ಅಂಚನ್ನು ಹಿಡಿದುಕೊಂಡ.

ಹಿಂದಿನಿಂದ ಅಮ್ಮ ಬಂದು ಇಬ್ಬರ ನಡುವೆ ನಿಂತಳು. ಅವಳು ಹಾಗೆ ನಿಂತದ್ದು ಅದೇ ಮೊದಲು.

"ಕಣ್ಣು ಬಿಡು ಮಗಳೇ."

ಹುಡುಗಿ ಕಣ್ಣು ಬಿಟ್ಟಳು. ಕನ್ನಡಕವಿಲ್ಲದೆ ಇಬ್ಬರೂ ಅವಳಿಗೆ ಮಸುಕಾಗಿ ಕಂಡಿರಬೇಕು. ಅದಕ್ಕೋ ಏನೋ, ಮಾತು ಬಂತು.

"ನಾನು ಒಂದು ಸಲಾನೂ ಎಡವಿಲ್ಲಮ್ಮ. ಒಂದೇ ಒಂದು ಸಲಾನೂ ಇಲ್ಲ."

"ಗೊತ್ತು."

"ಗೊತ್ತಿದ್ರೆ ಯಾಕೆ ಹಂಗೆ ಕರೀತೀರ?" ದನಿ ಒಡೆಯಿತು. "ಅಪ್ಪ ಯಾಕೆ ಹೊಡೀತಿದ್ರು ಅಂತ ಯಾರೂ ಹೇಳ್ಲಿಲ್ಲ. ಯಾಕೆ ನಿಲ್ಲಿಸಿದ್ರು ಅಂತಾನೂ ಹೇಳ್ಲಿಲ್ಲ. ನೀವೆಲ್ಲ ಸುಮ್ಮನಾಗ್ಬಿಟ್ರಿ. ನನಗೆ ಮಾತ್ರ, ಏನಾದ್ರೂ ತಪ್ಪು ಮಾಡಿದ್ರೆ, ಏಟು ಇನ್ನೂ ಬಾಕಿ ಇದೆ ಅನ್ನಿಸ್ತಿತ್ತು."

ಅಮ್ಮ ಅವಳನ್ನು ಅವಚಿಕೊಂಡಳು. ಅಪ್ಪ ಬಗ್ಗಿ, ತಟ್ಟೆಯ ಮೇಲಿದ್ದ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಕೊಡಲು ಧೈರ್ಯ ಸಾಲದೆ ಹೆಂಡತಿಯ ಕೈಗಿತ್ತ.

ಆಸ್ಪತ್ರೆಗೆ ಹೋಗಬೇಕು ಎಂಬ ಮಾತು ಬಂದಾಗ ಅಜ್ಜಿ ಪಟ್ಟು ಹಿಡಿದಳು.

"ಮನೇಲೇ ನೋಡ್ಕೊಳ್ಳೋಣ. ಹೊಟ್ಟೆತುಂಬ ಊಟ ಹಾಕಿ, ಪ್ರೀತಿಯಿಂದ ನಾಲ್ಕು ಮಾತಾಡಿ. ಅಲ್ಲಿ ಹೋದ್ರೆ ಡಾಕ್ಟರು ಸುಮ್ನೆ ಬಿಡ್ತಾರಾ? ಹಿಂದಿಂದೆಲ್ಲ ಕೆದಕ್ತಾರೆ. ನಾಳೆ ಪೊಲೀಸ್ರು ಬಾಗಿಲಿಗೆ ಬಂದ್ರೆ ಯಾರು ಜವಾಬ್ದಾರಿ?"

ಅಪ್ಪನೂ ಹಿಂದೆಮುಂದೆ ನೋಡಿದ. ಈ ವಾರ ಎರಡು ಮದುವೆ ಇದೆ ಎಂದ. ಮುಂದಿನ ವಾರ ನೋಡೋಣ ಎಂದ. ಮುಂದಿನ ವಾರವೂ ಒಂದು ಮದುವೆ ಸಿಕ್ಕಿತು. ಅಮ್ಮ ವಾದ ಮಾಡಲಿಲ್ಲ. ರಾತ್ರಿ ಅತ್ತೆಯ ಜಾಗದಲ್ಲಿ ತಾನು ಮಗಳ ಪಕ್ಕ ಮಲಗತೊಡಗಿದಳು. ತೊಳೆಯುವಾಗ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಶಾಲೆಯ ಸುದ್ದಿ ಕೇಳಿದಳು. ಉತ್ತರ ಬಂದ ದಿನ ಬಂತು, ಬಾರದ ದಿನ ಇಲ್ಲ. ಒಂದು ಬೆಳಿಗ್ಗೆ ಹುಡುಗಿ ಬ್ರೆಡ್ಡಿನ ತುಂಡು ಹಿಡಿದುಕೊಂಡು ಹೇಳಿದಳು.

"ಅಮ್ಮ, ನನಗೆ ನಿಲ್ಲಿಸೋಕೆ ಆಗ್ತಿಲ್ಲ. ನಿನ್ನೆ ಕೂಡ ಆಗ್ಲಿಲ್ಲ."

ಅಮ್ಮ ಒಲೆ ಆರಿಸಿದಳು. ಕೆಳಗಿಳಿದು ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಳು. ತಟ್ಟೆ ಒಯ್ಯಲು ಬಂದಿದ್ದ ಗಿರಾಕಿ ಬಾಯಿ ಬಿಟ್ಟುಕೊಂಡು ನಿಂತ.

"ಲೇ, ಗಿರಾಕಿ ನಿಂತಿದ್ದಾರೆ!" ಎಂದ ಅಪ್ಪ.

"ನಿಂತಿರ್ಲಿ. ಅವರು ಎಲೆಯ ಮೇಲಾದ್ರೂ ತಿಂತಾರೆ, ಕಾಗದದ ಮೇಲಾದ್ರೂ ತಿಂತಾರೆ. ನೀವು ಬರ್ತೀರೋ ಇಲ್ವೋ?"

ಅವನು ಚಪ್ಪಲಿ ಮೆಟ್ಟಿಕೊಂಡ. ಹೊರಡುವಾಗ ಅಜ್ಜಿ ಮೆಟ್ಟಿಲ ಮೇಲಿಂದ ಬಗ್ಗಿ, ಅವಸರದ ದನಿಯಲ್ಲಿ ಹೇಳಿದಳು: "ಕೇಳಿದ್ರೆ ಬಿದ್ದಳು ಅನ್ನಿ. ಅಷ್ಟೇ ಅನ್ನಿ. ಜಾಸ್ತಿ ಬೇಡ."

ಡಾಕ್ಟರು ನಡುವಯಸ್ಸಿನ ಹೆಂಗಸು. ಕೋಣೆಯಲ್ಲಿ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು. ಮೊದಲು ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ಅವಳನ್ನು ಕೇಳಿಯೇ ಅಪ್ಪ ಅಮ್ಮನನ್ನು ಒಳಗೆ ಕರೆದರು. ನಿದ್ದೆ, ಊಟ, ಓದು ಎಲ್ಲ ವಿಚಾರಿಸಿದರು.

"ಮುಂಚೆ ಯಾವತ್ತಾದ್ರೂ ದೊಡ್ಡ ಪೆಟ್ಟು ಆಗಿತ್ತಾ?"

"ಭುಜದ ಮೂಳೆ ಮುರಿದಿತ್ತು," ಎಂದಳು ಅಮ್ಮ.

"ಹೇಗೆ?"

ಫ್ಯಾನು ಕಿರುಗುಟ್ಟಿತು. ಅಮ್ಮನ ಬಾಯಲ್ಲಿ ಆ ಮಾತು ತಯಾರಾಗಿಯೇ ಇತ್ತು. ಇಷ್ಟು ವರ್ಷ ಅದೇ ಮಾತು ಆ ಮನೆಯನ್ನು ಕಾಯ್ದಿತ್ತು. ಅವಳು ತಡವರಿಸುವುದನ್ನು ಕಂಡು ಹುಡುಗಿಯೇ ನೆರವಿಗೆ ಬಂದಳು.

"ಬಿದ್ದೆ," ಎಂದಳು. "ಮೆಟ್ಟಿಲಿಂದ."

ಮಗಳು ತನ್ನನ್ನು ಉಳಿಸುತ್ತಿದ್ದಾಳೆ ಎಂದು ಅಮ್ಮನಿಗೆ ಗೊತ್ತಾಯಿತು. ಇವತ್ತು ಉಳಿಸಿಕೊಂಡರೆ ಮಗಳು ಕೈತಪ್ಪಿ ಹೋಗುತ್ತಾಳೆ ಎಂದೂ ಗೊತ್ತಾಯಿತು.

"ಇಲ್ಲ ಡಾಕ್ಟ್ರೇ," ಎಂದಳು. "ಅವಳು ಬೀಳ್ಲಿಲ್ಲ. ಬಿದ್ದಳು ಅಂತ ಹೇಳಿದ್ದು ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. ಅಮ್ಮ ಗಂಡನ ಕಡೆ ನೋಡಲಿಲ್ಲ. ಅವನ ಪಾಲಿನದನ್ನು ಅವಳು ಹೇಳುವುದಿಲ್ಲವೆಂದು ಅವನಿಗೆ ಅರ್ಥವಾಯಿತು.

"ನಾನು ಹೊಡೆದೆ," ಎಂದ ಅಪ್ಪ. ಮಗಳ ಕಡೆ ತಿರುಗಿ ಮುಂದುವರಿಸಿದ. "ಅವತ್ತೊಂದಿನ ಅಲ್ಲ. ಚಿಕ್ಕವಳಿದ್ದಾಗಿಂದ. ಅವಳದೇನೂ ತಪ್ಪಿರ್ಲಿಲ್ಲ. ನಿನ್ನದೇನೂ ತಪ್ಪಿರ್ಲಿಲ್ಲ ಕಣಮ್ಮ."

ಹುಡುಗಿ ನೆಲ ನೋಡುತ್ತ ಕೂತಿದ್ದಳು. ಕನ್ನಡಕದ ಕೆಳಗಿಂದ ನೀರು ಗಲ್ಲಕ್ಕಿಳಿದು ಮಡಿಲಿಗೆ ಬೀಳುತ್ತಿತ್ತು. ಡಾಕ್ಟರು ಇದನ್ನು ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹುಡುಗಿ ಪ್ರತಿ ವಾರ ಬರಬೇಕು, ಅಪ್ಪನೂ ಬೇರೊಬ್ಬರ ಹತ್ತಿರ ಹೋಗಬೇಕು ಎಂದರು. ಮನೆಯಲ್ಲಿ ಏನೇನನ್ನು ಕೈಗೆಟುಕದಂತೆ ಇಡಬೇಕೆಂದು ಅಮ್ಮನಿಗೆ ಬಿಡಿಸಿ ಹೇಳಿದರು. ಹುಡುಗಿಗೆ ಹೇಳಿದ್ದು ಇಷ್ಟೇ: "ಹಂಗೆ ಮಾಡ್ಕೋಬೇಕು ಅನ್ನಿಸಿದಾಗ ಒಬ್ಬರನ್ನ ಕರಿ. ಯಾರನ್ನ ಕರೀತೀಯ?" ಅವಳು ಅಮ್ಮನ ಕಡೆ ಕೈ ತೋರಿಸಿದಳು.

ಅಜ್ಜಿ ಹೆದರಿದ್ದಂತೆಯೇ ಮನೆಗೆ ಜನ ಬಂದರು. ರಕ್ಷಣೆಯವರ ಕಡೆಯ ಇಬ್ಬರು ಹೆಂಗಸರು ಕೂತು, ಎಲ್ಲರನ್ನೂ ಬೇರೆ ಬೇರೆಯಾಗಿ ಕೇಳಿದರು. ಅಪ್ಪ ಕೆಲವು ವಾರ ಕೆಳಗೆ ಅಂಗಡಿಯಲ್ಲೇ ಮಲಗಬೇಕಾಯಿತು. ಟೈಲರಮ್ಮ ಕಿಟಕಿಯಲ್ಲೇ ಠಿಕಾಣಿ ಹೂಡಿದಳು. ಅಜ್ಜಿ ಯಾರೊಡನೆಯೂ ಮಾತಾಡದೆ ಮೂರು ಹೊತ್ತೂ ಗೋಡೆ ಕಡೆ ಮುಖ ಮಾಡಿ ಕೂತಳು. ಹುಡುಗಿಗೆ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಒಂದು ವಾರ ನಗುತ್ತಿದ್ದಳು, ಇನ್ನೊಂದು ವಾರ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಆದರೆ ಬೇಕಾದಾಗ ಕರೆಯುತ್ತಿದ್ದಳು. ಅಮ್ಮ ಸೋಪಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡುತ್ತಿದ್ದಳು.

ಅಪ್ಪ ಮತ್ತೆ ಮೇಲೆ ಬಂದು ಮಲಗಲು ಶುರು ಮಾಡಿದ ಮೇಲೆ, ಒಂದು ಭಾನುವಾರ, ಮತ್ತೆ ತಟ್ಟೆಗಳು ಬಂದವು. ಎಲ್ಲರೂ ಅಂಗಳದಲ್ಲಿದ್ದರು. ಹುಡುಗಿ ಒಣಗಿದ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತ, ಅಮ್ಮ ಹೇಳಿದ ಏನಕ್ಕೋ ನಗಲು ತಿರುಗಿದಳು. ಮೇಲಿನ ತಟ್ಟೆ ಜಾರಿ ನೆಲಕ್ಕೆ ಬಿದ್ದು ಚೂರುಚೂರಾಯಿತು.

"ಏನೇ ಅದು, ಎಡ..." ಎಂದು ಶುರು ಮಾಡಿದ ಅಜ್ಜಿ ಅಲ್ಲಿಗೇ ನಿಲ್ಲಿಸಿದಳು. ಸ್ವಲ್ಪ ತಡೆದು, "ಏನಾಯ್ತು ಮಗೂ?" ಎಂದಳು. ಎಷ್ಟೋ ವರ್ಷ ಆ ಪ್ರಶ್ನೆ ಕೇಳಿದ್ದು ಟೈಲರಮ್ಮ ಮಾತ್ರ.

"ಬಿತ್ತು ಅಜ್ಜಿ," ಎಂದಳು ಹುಡುಗಿ.

"ಬಿತ್ತಾ?"

"ಹೂಂ. ನಿಜವಾಗ್ಲೂ ಬಿತ್ತು."

ಅಪ್ಪ ಎದ್ದ. ಹುಡುಗಿಯ ಮೈ ಬಿಗಿಯಾಯಿತು. ಎದೆಗವಚಿಕೊಂಡಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಒಂದು ಕೈ ತಾನಾಗಿಯೇ ಕನ್ನಡಕದ ಕಡೆ ಹೋಯಿತು. ಅಪ್ಪ ಅವಳನ್ನು ದಾಟಿಕೊಂಡು ಗೋಡೆಯ ಮೂಲೆಗೆ ಹೋಗಿ, ಪೊರಕೆ ತೆಗೆದುಕೊಂಡು ಬಂದು, ಅವಳ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಲ್ಲಾಡಬೇಡ. ಬರಿಗಾಲಲ್ಲಿದ್ದೀಯ," ಎಂದು, ಒಂದು ಚೂರೂ ಉಳಿಯದಂತೆ ಗುಡಿಸತೊಡಗಿದ.

ಹುಡುಗಿ ಮೇಲಿನಿಂದ ಅವನ ನೆತ್ತಿಯನ್ನು ನೋಡುತ್ತ ನಿಂತಳು. ಆಮೇಲೆ ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡಳು. ತೆಗೆಯಲಿಲ್ಲ.